ಪ್ರಶ್ನೋತ್ತರ: ಊರಿಗೊಂದು ಹೊರಠಾಣೆ ಬೇಕು, ಖರ್ಚು ಯಾರದು?

ಅಡ್ಮಿನ್: ಇವತ್ತು ಉತ್ತರಿಸುವವರು ಪೊಲೀಸ್ ಆಯವ್ಯಯ ನೋಡಿಕೊಳ್ಳುತ್ತಿದ್ದ ನಿವೃತ್ತ ಲೆಕ್ಕಾಧಿಕಾರಿ. ಕರ್ನಾಟಕ ಪೊಲೀಸ್ ವ್ಯವಸ್ಥೆ, ಅದರ ಹಣದ ವಿಷಯ ಮಾತ್ರ ಕೇಳಿ.

ಹಳೇಪೇಟೆ: ಸರ್, ಟ್ರಾಫಿಕ್ ದಂಡದಲ್ಲಿ ಠಾಣೆಗೆ ಪಾಲು ಇರುತ್ತಂತೆ, ಹೌದಾ?

ಲೆಕ್ಕಾಧಿಕಾರಿ: ಇಲ್ಲ. ದಂಡ ರಾಜ್ಯದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಮುಖ್ಯ ಖಾತೆಗೆ ಹೋಗುತ್ತದೆ. ಠಾಣೆ ನಡೆಯುವುದು ವಿಧಾನಮಂಡಲ ಒಪ್ಪಿದ ಅನುದಾನದಲ್ಲಿ. ಸಂಬಳ, ಡೀಸೆಲ್‌ನಂಥ ದಿನದ ಖರ್ಚು ಲೆಕ್ಕಶೀರ್ಷಿಕೆ 2055ರಲ್ಲಿ, ಬಂಡವಾಳ ವೆಚ್ಚ 4055ರಲ್ಲಿ.

ಗೃಹರಕ್ಷಕ ಬಳಗ: ಗೃಹರಕ್ಷಕರ ಡ್ಯೂಟಿ ಭತ್ಯೆ ತಿಂಗಳುಗಟ್ಟಲೆ ತಡ ಆಗೋದು ಯಾಕೆ ಸರ್?

ಕೆರೆಕೋಡಿ: ನಮಸ್ಕಾರ ಸರ್. ಪಂಚಾಯಿತಿ ಕಡೆಯಿಂದ ಕೇಳ್ತಿದ್ದೀನಿ. ಠಾಣೆ ನಮ್ಮೂರಿಂದ 22 ಕಿ.ಮೀ. ಹೊರಠಾಣೆಗೆ ಅಂತ ಕ್ರಷರ್ ಮಾಲೀಕರೊಬ್ಬರು ಕಟ್ಟಡ ಕಟ್ಟಿಸಿಕೊಟ್ಟಿದ್ದಾರೆ. ಮುಂದಿನ ವಾರ ಉದ್ಘಾಟನೆ. ಇನ್ನೇನಾದ್ರೂ ಮಾಡೋದಿದೆಯಾ?

ಲೆಕ್ಕಾಧಿಕಾರಿ: ಇದು ನನಗೆ ಆತಂಕದ ವಿಷಯ, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಕಟ್ಟಡ ಒಮ್ಮೆಯ ಖರ್ಚು. ಠಾಣೆಯ ನಿಜವಾದ ಖರ್ಚು ಜನ.

ಲೆಕ್ಕ ಹಾಕಿ. ಒಂದು ಕುರ್ಚಿಯಲ್ಲಿ ಹಗಲೂ ರಾತ್ರಿ ಒಬ್ಬರು ಇರಬೇಕೆಂದರೆ ವಾರಕ್ಕೆ 168 ಗಂಟೆ. 8 ಗಂಟೆಯ ಪಾಳಿ, ವಾರದ ರಜೆ ಕಳೆದರೆ ಒಬ್ಬರಿಂದ ಸಿಗುವುದು 48 ಗಂಟೆ. ಅಲ್ಲಿಗೆ ಮೂರೂವರೆ ಜನ. ಗಳಿಕೆ ರಜೆ, ಕೋರ್ಟ್ ಡ್ಯೂಟಿ, ತರಬೇತಿ, ಹೊರಗಿನ ಬಂದೋಬಸ್ತ್ ಸೇರಿದರೆ ಐದು. ರಾತ್ರಿ ಒಬ್ಬರನ್ನೇ ಬಿಡುವ ಹಾಗಿಲ್ಲ, ಆದ್ದರಿಂದ ಹತ್ತು. ಈ ಹತ್ತು ಹುದ್ದೆ ಎಲ್ಲಿ ಮಂಜೂರಾಗಿವೆ?

ಮಂಜೂರಾಗದಿದ್ದರೆ ಆಗುವುದು ಇಷ್ಟು: ತಾಲ್ಲೂಕು ಠಾಣೆಯ ನಾಲ್ಕು ಜನರನ್ನು ಒಒಡಿ (ಅನ್ಯ ಕರ್ತವ್ಯ) ಮೇಲೆ ನಿಮ್ಮೂರಿಗೆ ಕಳಿಸುತ್ತಾರೆ. ಸಂಬಳ ಹಳೇ ಠಾಣೆಯ ಹುದ್ದೆಯ ಮೇಲೇ ಆಗುತ್ತದೆ. ಕಾಗದದಲ್ಲಿ ಆ ಠಾಣೆ ಭರ್ತಿ, ನಿಜದಲ್ಲಿ ಖಾಲಿ. ಹೊರಠಾಣೆಯ ಕರೆಂಟ್ ಬಿಲ್ಲು, ಡೀಸೆಲ್‌ಗೆ ಬೇರೆ ಹಂಚಿಕೆ ಇರುವುದಿಲ್ಲ. ಆಗ ಬಿಲ್ಲು ಕಟ್ಟಲು ಮತ್ತೆ ಕ್ರಷರ್ ಮಾಲೀಕರೇ ಬರುತ್ತಾರೆ. ನಾಳೆ ಅದೇ ಕ್ರಷರ್ ಲಾರಿ ಯಾರಿಗೋ ಗುದ್ದಿದರೆ ದೂರು ಕೊಡಲು ಹೋಗುವವನಿಗೆ ಆ ಕಟ್ಟಡದ ಮೆಟ್ಟಿಲು ಹತ್ತಲು ಧೈರ್ಯ ಬರುತ್ತದೆಯೇ? ದೇಣಿಗೆಯ ಅಪಾಯ ಇದೇ.

ಸರಿಯಾದ ದಾರಿ: ಜನಸಂಖ್ಯೆ, ಮೂರು ವರ್ಷದ ಪ್ರಕರಣಗಳ ಸಂಖ್ಯೆ, ಈಗಿನ ಠಾಣೆಯ ದೂರ ಇಟ್ಟುಕೊಂಡು ಎಸ್‌ಪಿ ಪ್ರಸ್ತಾವ ಕಳಿಸಬೇಕು. ಅದು ವಲಯ ಐಜಿಪಿ, ಡಿಜಿ-ಐಜಿಪಿ ಕಚೇರಿ ದಾಟಿ ಒಳಾಡಳಿತ ಇಲಾಖೆಗೆ ಹೋಗಬೇಕು. ಆರ್ಥಿಕ ಇಲಾಖೆ ಸಹಮತಿ ಕೊಟ್ಟ ಮೇಲೆ ಹುದ್ದೆಗಳ ಸಂಖ್ಯೆ ನಮೂದಿಸಿದ ಸರ್ಕಾರಿ ಆದೇಶ ಬರುತ್ತದೆ. ಹೆಚ್ಚಿನ ಕಡತಗಳು ಕೂರುವುದು ಆರ್ಥಿಕ ಇಲಾಖೆಯಲ್ಲೇ, ಏಕೆಂದರೆ ಹುದ್ದೆ ಎಂದರೆ ಮೂವತ್ತು ವರ್ಷದ ಸಂಬಳ. ಪೂರ್ಣ ಠಾಣೆಯಾದರೆ ಸರಹದ್ದಿನ ಅಧಿಸೂಚನೆಯೂ ಬೇಕು.

ಮಾರುತಿ ಬೀದಿ: ಹೊರಠಾಣೆಯಲ್ಲಿ ಎಫ್‌ಐಆರ್ ಆಗುತ್ತಾ?

ಲೆಕ್ಕಾಧಿಕಾರಿ: ಠಾಣೆ ಎಂದು ಘೋಷಣೆ ಆಗಿರದಿದ್ದರೆ ಇಲ್ಲ. ಠಾಣೆಗೇ ಹೋಗಬೇಕು. ಸರಹದ್ದು ಯಾವುದೇ ಇರಲಿ, ನಾಗರಿಕ ಸುರಕ್ಷಾ ಸಂಹಿತೆಯ (ಹಳೇ ಸಿಆರ್‌ಪಿಸಿ ಬದಲು ಬಂದ ಕಾನೂನು) 173ನೇ ಕಲಂ ಪ್ರಕಾರ ಠಾಣೆಯವರು ದೂರು ತೆಗೆದುಕೊಳ್ಳಬೇಕು.

ಶಿವಪುರ: ಸರ್, ಫಾರ್ವರ್ಡ್ ಬಂದಿದೆ. ‘ಜಾತ್ರೆ ಬಂದೋಬಸ್ತ್ ಶುಲ್ಕ ಈ ಯುಪಿಐಗೆ ಕಟ್ಟಿ ಸ್ಕ್ರೀನ್‌ಶಾಟ್ ತೋರಿಸಿದರೆ ಅನುಮತಿ ಗ್ಯಾರಂಟಿ.’ ಕಟ್ಟಬಹುದಾ?

ಲೆಕ್ಕಾಧಿಕಾರಿ: ಕಟ್ಟಬೇಡಿ! ಸರ್ಕಾರಕ್ಕೆ ಶುಲ್ಕ ಬರಬೇಕಿದ್ದರೆ ಲಿಖಿತ ಬೇಡಿಕೆ ಬರುತ್ತದೆ, ಹಣ ಖಜಾನೆ-2 (ರಾಜ್ಯ ಖಜಾನೆಯ ಆನ್‌ಲೈನ್ ವ್ಯವಸ್ಥೆ) ಚಲನ್ ಮೂಲಕ ಹೋಗುತ್ತದೆ. ಯಾರದೋ ಮೊಬೈಲ್ ನಂಬರಿಗಲ್ಲ. ಈಗಾಗಲೇ ಕಟ್ಟಿದ್ದರೆ ಈ ಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಕೈಬಿಡುತ್ತದೆ.

ಗಡಿನಾಡು: ಇಷ್ಟೆಲ್ಲ ಯಾಕೆ? 60 ಪರ್ಸೆಂಟ್ ಕೇಂದ್ರ ಕೊಡುತ್ತೆ. ರಾಜ್ಯ ಸುಮ್ನೆ ಅಳುತ್ತೆ.

ವಕೀಲರು: 60:40 ಕೇಂದ್ರದ ಪೊಲೀಸ್ ಆಧುನೀಕರಣ ಯೋಜನೆಗೆ ಮಾತ್ರ ಸ್ವಾಮಿ. ಸಂಬಳ ಅದರಲ್ಲಿಲ್ಲ. ಸಂವಿಧಾನದ ಏಳನೇ ಅನುಸೂಚಿ, ರಾಜ್ಯ ಪಟ್ಟಿ, 1 ಮತ್ತು 2ನೇ ನಮೂದು ನೋಡಿ, ಸಾರ್ವಜನಿಕ ಸುವ್ಯವಸ್ಥೆ, ಪೊಲೀಸ್ ಎರಡೂ ರಾಜ್ಯದ ವಿಷಯ.

ಗಡಿನಾಡು: ಮತ್ತೆ ಗಲಾಟೆ ಆದಾಗ ಸಿಆರ್‌ಪಿಎಫ್ ಯಾಕೆ ಕರೀತೀರಿ?

ವಕೀಲರು: ಕರೆಸಿದರೆ ಸಾಮಾನ್ಯವಾಗಿ ರಾಜ್ಯಕ್ಕೇ ಬಿಲ್ಲು ಬರುತ್ತೆ. ಗೊತ್ತಿಲ್ಲದಿದ್ರೆ ಕೇಳಿ.

ಗಡಿನಾಡು: ಪುಸ್ತಕ ಓದಿ ಪಾಠ ಹೇಳ್ಬೇಡಿ.

ವಕೀಲರು: ಓದದೇ ಹೇಳೋದಕ್ಕಿಂತ ವಾಸಿ.

ಲೆಕ್ಕಾಧಿಕಾರಿ: ವಕೀಲರು ಹೇಳಿದ್ದು ಸರಿ. ಕೇಂದ್ರದ ಪಾಲು ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ 90, ನಮಗೆ 60. ಆ ಹಣ ಶಸ್ತ್ರ, ವೈರ್‌ಲೆಸ್, ವಿಧಿವಿಜ್ಞಾನ ಉಪಕರಣದಂಥವಕ್ಕೆ. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಹೋಗದೆ ಮುಂದಿನದು ಬರುವುದಿಲ್ಲ. ಟೆಂಡರ್ ಮಾರ್ಚ್‌ವರೆಗೆ ಎಳೆದರೆ ಪ್ರಮಾಣಪತ್ರವೂ ಇಲ್ಲ, ಹಣವೂ ಇಲ್ಲ. ಸಂಬಳದಲ್ಲಿ ಅರ್ಧರ್ಧ ಹಂಚಿಕೆ ಬೇಕೆಂದರೆ ಸರ್ಕಾರಿ ರೈಲ್ವೆ ಪೊಲೀಸ್ ನೋಡಿ. ಅಲ್ಲಿ ರಾಜ್ಯ ಮತ್ತು ರೈಲ್ವೆ 50:50.

ಹೊಸಬ: ಸರ್, ದಂಡದ ಹಣದಲ್ಲಿ ಠಾಣೆಗೆ ಎಷ್ಟು ಪರ್ಸೆಂಟ್?

ಲೆಕ್ಕಾಧಿಕಾರಿ: ಮೇಲೆ ಓದಿ.

ಶಿವಪುರ: ಫಾರ್ವರ್ಡ್‌ನಲ್ಲಿ ಪೊಲೀಸ್ ಲಾಂಛನ ಇದೆಯಲ್ಲಾ ಸರ್?

ಲೆಕ್ಕಾಧಿಕಾರಿ: ಲಾಂಛನ ಯಾರು ಬೇಕಾದರೂ ಅಂಟಿಸುತ್ತಾರೆ. ಒಮ್ಮೆ ಹೇಳಿದ್ದೇನೆ. ಇಂಥವನ್ನು ಇಲ್ಲಿ ಹಾಕುವುದನ್ನೇ ನಿಲ್ಲಿಸಿ, ಓದಿದವರಲ್ಲಿ ಒಬ್ಬರು ಕಟ್ಟಿದರೂ ನಷ್ಟ ಅವರದು.

ಗೃಹರಕ್ಷಕ ಬಳಗ: ನಮ್ಮ ಪ್ರಶ್ನೆ ಹಾಗೇ ಉಳೀತು.

ಗಡಿನಾಡು: ಇಲ್ಲಿ ವಕೀಲರಿಗಷ್ಟೇ ಉತ್ತರ.

ಅಡ್ಮಿನ್: ಗಡಿನಾಡು, ಇನ್ನೊಂದು ಮೆಸೇಜ್ ಹೀಗೆ ಬಂದ್ರೆ ತೆಗೀತೀನಿ.

ಕೆರೆಕೋಡಿ: ಸರ್, ಆದೇಶದ ಪ್ರತಿ ಸಿಕ್ತು. ‘ಸಿಬ್ಬಂದಿಯನ್ನು ಪಾಳಿ ಆಧಾರದ ಮೇಲೆ ನಿಯೋಜಿಸುವುದು’ ಅಂತಿದೆ. ಹುದ್ದೆ ಸಂಖ್ಯೆ ಎಲ್ಲೂ ಇಲ್ಲ.

ಲೆಕ್ಕಾಧಿಕಾರಿ: ಹಾಗಾದರೆ ಅದು ಮಂಜೂರಾತಿಯಲ್ಲ. ಉದ್ಘಾಟನೆಗೆ ಮುಂಚೆ ಪಂಚಾಯಿತಿ ನಿರ್ಣಯ ಮಾಡಿ ಎಸ್‌ಪಿಗೆ ಕೊಡಿ. ಎರಡೇ ಬೇಡಿಕೆ ಇರಲಿ: ಹುದ್ದೆ ಮಂಜೂರಾತಿಗೆ ಪ್ರಸ್ತಾವ ಕಳಿಸಬೇಕು, ನಿವೇಶನ ಮತ್ತು ಕಟ್ಟಡ ಇಲಾಖೆಯ ಹೆಸರಿಗೆ ಖಾತೆಯಾಗಬೇಕು. ಕೊಟ್ಟ ಪ್ರತಿಯ ಮೇಲೆ ಸ್ವೀಕೃತಿ ಮೊಹರು, ದಿನಾಂಕ ಹಾಕಿಸಿಕೊಳ್ಳಿ.