ಹತ್ತು ನಿಮಿಷದ ಪ್ಲಾಟಿನಂ ಧಣಿ

ದುಬೈಯ ದೇರಾದಲ್ಲಿ ನಮ್ಮ ಭಾನುವಾರದ ಸುಲೈಮಾನಿ ಚಹಾದ ಕೂಟ. ಕಾರು ಕೊಳ್ಳಲು ಇಸ್ಲಾಮಿಕ್ ಬ್ಯಾಂಕೊಂದಕ್ಕೆ ಹೋಗಿ ಬಂದ ಶೆಟ್ಟರು ಇನ್ನೂ ಬೆರಗಿನಲ್ಲೇ ಇದ್ದರು.

“ಬಡ್ಡಿಯೇ ಇಲ್ಲವಂತೆ! ಬ್ಯಾಂಕೇ ಕಾರು ಕೊಂಡು, ಲಾಭ ಇಟ್ಟು, ನನಗೆ ಕಂತಿನಲ್ಲಿ ಮಾರುತ್ತದೆಯಂತೆ. ಕಂತು ತಪ್ಪಿದರೆ ದಂಡ, ಆದರೆ ಅದು ದಾನಕ್ಕೆ ಹೋಗುತ್ತದೆ.”

“ಹಾಗಾದರೆ ನಿಮ್ಮ ಕೈಯಿಂದ ಭಾರಿ ದಾನಧರ್ಮ ನಡೆಯಲಿದೆ” ಎಂದರು ಭಟ್ಟರು.

“ಅದು ಮುರಾಬಹ” ಎಂದರು ಇಸ್ಮಾಯಿಲ್ ಸಾಹೇಬರು, ಲೋಟಕ್ಕೆ ನಿಂಬೆ ಹಿಂಡುತ್ತಾ. “ದುಡ್ಡು ದುಡ್ಡನ್ನು ಈಯಬಾರದು, ಸರಕು ಮಾರಿ ಲಾಭ ಮಾಡಬಹುದು.”

ಭಟ್ಟರು ಮೊಬೈಲಿನಲ್ಲಿ ಲೆಕ್ಕ ಹಾಕಿದರು. “ಈ ಲಾಭಕ್ಕೂ ಪಕ್ಕದ ಬ್ಯಾಂಕಿನ ಬಡ್ಡಿಗೂ ಏನೂ ವ್ಯತ್ಯಾಸವಿಲ್ಲ. ವೇಷ ಬೇರೆ, ಪ್ರಸಂಗ ಒಂದೇ.”

“ನೀವು ಹೇಳುವುದಿರಲಿ, ನಮ್ಮ ವಿದ್ವಾಂಸರೇ ಇದನ್ನು ಬೈಯುತ್ತಾರೆ. ಗೋರಖ್‌ಪುರದಲ್ಲಿ ಹುಟ್ಟಿ ಅಲೀಗಢ, ಜೆದ್ದಾಗಳಲ್ಲಿ ಪಾಠ ಹೇಳಿದ ಅರ್ಥಶಾಸ್ತ್ರಜ್ಞ ನಜಾತುಲ್ಲಾ ಸಿದ್ದೀಕಿಯವರು ಬಯಸಿದ್ದು, ಬ್ಯಾಂಕು ಲಾಭನಷ್ಟ ಎರಡರಲ್ಲೂ ಪಾಲುಗಾರನಾಗಬೇಕೆಂದು.”

“ನಷ್ಟದಲ್ಲೂ? ಬ್ಯಾಂಕೇ?” ಶೆಟ್ಟರ ಕೈಯ ಪರೋಟ ಬಾಯಿಯ ದಾರಿಯಲ್ಲೇ ನಿಂತಿತು.

“ಅದಕ್ಕೇ ಬ್ಯಾಂಕುಗಳು ಆ ಗೊಡವೆಗೆ ಹೋಗುವುದು ಕಡಿಮೆ. ತವರ್ರುಕ್ ಕೇಳಿದ್ದೀರಾ? ನಗದು ಬೇಕೆಂದರೆ ಬ್ಯಾಂಕು ನಿಮಗೆ ಪ್ಲಾಟಿನಂನಂಥ ಲೋಹವನ್ನು ಕಂತಿನಲ್ಲಿ ಮಾರುತ್ತದೆ. ನಿಮ್ಮ ಪರವಾಗಿ ತಾನೇ ಅದನ್ನು ಮತ್ತೊಬ್ಬರಿಗೆ ಮಾರಿ ದುಡ್ಡು ಕೊಡುತ್ತದೆ. ಲೋಹ ಗೋದಾಮಿನಲ್ಲಿ ಮಿಸುಕುವುದೂ ಇಲ್ಲ.”

“ಅಂದರೆ ಹತ್ತು ನಿಮಿಷ ನಾನು ಪ್ಲಾಟಿನಂ ಧಣಿ! ಅಷ್ಟರಲ್ಲಿ ಊರಿಗೆ ಫೋನ್ ಮಾಡಬಹುದೇ?”

“ಬೇಡ. 2009ರಲ್ಲಿ ಇಲ್ಲೇ ಶಾರ್ಜಾದಲ್ಲಿ ಸೇರಿದ ಅಂತರರಾಷ್ಟ್ರೀಯ ಫಿಕ್ಹ್ ಅಕಾಡೆಮಿ, ಅಂದರೆ ಇಸ್ಲಾಮೀ ಧರ್ಮಶಾಸ್ತ್ರದ ಪಂಡಿತರ ಸಭೆ, ಬ್ಯಾಂಕು ಹೀಗೆ ಏರ್ಪಡಿಸುವ ತವರ್ರುಕ್ ಸಲ್ಲದು ಎಂದಿತು. ವ್ಯಾಪಾರ ಮಾತ್ರ ನಿಂತಿಲ್ಲ.”

ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಮಿತ್ ಘಮ್ರ್. 1963ರಲ್ಲಿ ಈಜಿಪ್ಟಿನ ಆ ನೈಲ್ ಮುಖಜಭೂಮಿಯ ಊರಲ್ಲಿ ಅಹಮದ್ ಅಲ್ ನಜ್ಜಾರ್ ಜನರ ಪುಡಿಗಾಸು ಕೂಡಿಸಿ ಬಡ್ಡಿಯಿಲ್ಲದ ಉಳಿತಾಯ ಬ್ಯಾಂಕು ಕಟ್ಟಿದರು. ಅಲ್ಲಿ ಪ್ಲಾಟಿನಂ ಇರಲಿಲ್ಲ. ಅಭಿವೃದ್ಧಿ ಎಂದರೆ ಸಂಪತ್ತು ಮಾತ್ರವಲ್ಲ, ಜೀವ, ಬುದ್ಧಿ, ನಂಬಿಕೆ, ಸಂತತಿ ಇವೂ ಬೆಳೆಯಬೇಕು ಎಂದು ಬೊಂಬಾಯಿಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಉಮರ್ ಚಾಪ್ರಾ ಬರೆದಾಗ ಇಂಥದ್ದೇ ನೆನಪಾಗುತ್ತದೆ. ನಾನು ಇದನ್ನು ಹೇಳುವಷ್ಟರಲ್ಲಿ ಶೆಟ್ಟರು ಎರಡನೇ ಪರೋಟ ಮುಗಿಸಿದ್ದರು.

“ಅದಿರಲಿ, ಸಾಹೇಬರೇ, ಕಳೆದ ತಿಂಗಳು ನೀವು ನನಗೆ ಕೊಟ್ಟ ನೂರು ದಿರ್ಹಮ್ ಯಾವ ಬಗೆಯದು?”

“ಕರ್ಜೆ ಹಸನ್. ಬಡ್ಡಿ ಇಲ್ಲ, ಲಾಭವೂ ಇಲ್ಲ.”

“ಭೇಷ್!”

“ಅಸಲು ಇದೆ.”

ಶೆಟ್ಟರು ಚಹಾದವನನ್ನು ಕರೆದರು. “ಇವರ ಬಿಲ್ಲು ಇವತ್ತು ನನ್ನದು.”

“ಅದು ನಾಲ್ಕು ದಿರ್ಹಮ್” ಎಂದರು ಭಟ್ಟರು. “ಇನ್ನು ತೊಂಬತ್ತಾರು.”