ಜೆಇ ಹುದ್ದೆಗೆ ಕೇಳಿದ್ದು ಡಿಪ್ಲೊಮಾ, ನನ್ನ ಬಳಿ ಇರುವುದು ಬಿಇ: ದಾಖಲೆ ಪರಿಶೀಲನೆಯಲ್ಲಿ ತಿರಸ್ಕಾರ, ಮುಂದೇನು?

ಪ್ರಶ್ನೆ: ಸಿವಿಲ್_ಅಭ್ಯರ್ಥಿ

ರಾಜ್ಯದ ಒಂದು ನಿಗಮದ ಕಿರಿಯ ಎಂಜಿನಿಯರ್ (ಸಿವಿಲ್) ಹುದ್ದೆಯ ನೇಮಕಾತಿ. ಪರೀಕ್ಷೆಯಲ್ಲಿ ಕಟ್‌ಆಫ್ ದಾಟಿ ಮೂಲ ದಾಖಲೆ ಪರಿಶೀಲನೆಗೆ ಕರೆ ಬಂತು. ಅಲ್ಲಿ ‘ನಿಗದಿತ ವಿದ್ಯಾರ್ಹತೆ ಹೊಂದಿಲ್ಲ’ ಎಂದು ಬರೆದಿದ್ದಾರೆ. ಅಧಿಸೂಚನೆಯಲ್ಲಿರುವ ಸಾಲು ಇಷ್ಟೇ: ‘ಸಿವಿಲ್ ಎಂಜಿನಿಯರಿಂಗ್‌ನಲ್ಲಿ ಮೂರು ವರ್ಷಗಳ ಡಿಪ್ಲೊಮಾ ಹೊಂದಿರತಕ್ಕದ್ದು.’ ನನ್ನದು ಪಿಯುಸಿ ವಿಜ್ಞಾನ, ಆಮೇಲೆ ವಿಟಿಯು ಬಿಇ ಸಿವಿಲ್. ಡಿಪ್ಲೊಮಾ ಮಾಡಿಲ್ಲ. ಆನ್‌ಲೈನ್ ಅರ್ಜಿಯಲ್ಲಿ ಬಿಇ ಎಂದೇ ತುಂಬಿದ್ದೆ, ಅರ್ಜಿ ಸ್ವೀಕಾರವಾಗಿ ಹಾಲ್ ಟಿಕೆಟ್ ಕೂಡ ಬಂದಿತ್ತು. ತಾತ್ಕಾಲಿಕ ಆಯ್ಕೆ ಪಟ್ಟಿ ಈಗ ಪ್ರಕಟವಾಗಿದೆ, ಆಕ್ಷೇಪಣೆಗೆ ಏಳು ದಿನ ಕೊಟ್ಟಿದ್ದಾರೆ. ಹೆಚ್ಚು ಓದಿದವರನ್ನು ಹೀಗೆ ಬಿಡಬಹುದಾ? ಆಕ್ಷೇಪಣೆಯಲ್ಲಿ ಏನು ಬರೆಯಬೇಕು?

ಉತ್ತರ 1: ನಿಯಮ_ಓದುಗ

ಬಿಡಬಹುದು. ಕೇಳಲು ಕಷ್ಟವಾದರೂ ಇದನ್ನು ತಿಳಿದುಕೊಂಡೇ ಮುಂದಿನ ಹೆಜ್ಜೆ ಇಡಬೇಕು. ಜಹೂರ್ ಅಹ್ಮದ್ ರಾಥರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್ 5ರಂದು ಕೊಟ್ಟ ತೀರ್ಪು ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಜಮ್ಮು-ಕಾಶ್ಮೀರದಲ್ಲಿ ಟೆಕ್ನಿಷಿಯನ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಜೊತೆ ಐಟಿಐ ಕೇಳಿದ್ದರು, ಡಿಪ್ಲೊಮಾ ಇದ್ದವರೂ ಅರ್ಜಿ ಹಾಕಿದ್ದರು. ಮೇಲಿನ ವಿದ್ಯಾರ್ಹತೆಯಲ್ಲಿ ಕೆಳಗಿನದು ತಾನಾಗಿಯೇ ಅಡಗಿದೆ ಎಂದು ನ್ಯಾಯಾಲಯ ಊಹಿಸಿಕೊಳ್ಳಲಾಗದು, ಯಾವ ಹುದ್ದೆಗೆ ಯಾವ ಓದು ಬೇಕೆಂದು ನಿರ್ಧರಿಸುವುದು ಉದ್ಯೋಗ ಕೊಡುವವರ ಅಧಿಕಾರ ಎಂದು ಅಲ್ಲಿ ತೀರ್ಮಾನವಾಯಿತು.

ನಿಮ್ಮ ಪರ ವಾದಿಸುವವರು ಕೇರಳದ ಜ್ಯೋತಿ ಕೆ.ಕೆ. ಪ್ರಕರಣವನ್ನು ತೋರಿಸುತ್ತಾರೆ. ಅದು ಡಿಪ್ಲೊಮಾ ಕೇಳಿದ್ದ ಸಬ್ ಎಂಜಿನಿಯರ್ ಹುದ್ದೆ, ಪದವೀಧರರು ಗೆದ್ದಿದ್ದರು. ಆದರೆ ಗೆದ್ದದ್ದು ಕೇರಳದ ಸೇವಾ ನಿಯಮ 10(ಎ)(ii) ಇದ್ದದ್ದರಿಂದ. ಕೆಳಗಿನ ಅರ್ಹತೆಯನ್ನು ಒಳಗೊಂಡ ಮೇಲಿನ ಅರ್ಹತೆಯೂ ಸಾಕು ಎಂದು ಆ ನಿಯಮದಲ್ಲೇ ಬರೆದಿತ್ತು. ರಾಥರ್ ಪ್ರಕರಣದಲ್ಲಿ ಅಂಥ ನಿಯಮ ಇರಲಿಲ್ಲ, ಹಾಗಾಗಿ ಜ್ಯೋತಿ ತೀರ್ಪು ಅನ್ವಯಿಸುವುದಿಲ್ಲ ಎಂದರು.

ಆದ್ದರಿಂದ ಮೊದಲು ಹುಡುಕಬೇಕಾದದ್ದು ನಿಗಮದ ವೃಂದ ಮತ್ತು ನೇಮಕಾತಿ ನಿಯಮ, ಅಂದರೆ ಯಾವ ಹುದ್ದೆಗೆ ಯಾವ ಅರ್ಹತೆ ಬೇಕೆಂದು ಹೇಳುವ ನಿಯಮ. ಅಧಿಸೂಚನೆ ಅದರ ಸಾರಾಂಶ ಅಷ್ಟೇ, ಎರಡಕ್ಕೂ ವ್ಯತ್ಯಾಸ ಬಂದರೆ ನಿಯಮದ ಮಾತೇ ಗೆಲ್ಲುತ್ತದೆ. ನಿಯಮದಲ್ಲಿ ಜೆಇ ಹುದ್ದೆಯ ಎದುರು ‘ಅಥವಾ ತತ್ಸಮಾನ’, ‘ಅಥವಾ ಹೆಚ್ಚಿನ ವಿದ್ಯಾರ್ಹತೆ’, ‘ಕನಿಷ್ಠ’ ಈ ಪದಗಳಲ್ಲಿ ಯಾವುದಾದರೂ ಇದೆಯೇ ನೋಡಿ. ‘ಹೆಚ್ಚಿನ ವಿದ್ಯಾರ್ಹತೆ’ ಇದ್ದರೆ ನಿಮ್ಮ ಪ್ರಕರಣ ಗಟ್ಟಿ. ‘ಕನಿಷ್ಠ’ ಇದ್ದರೆ ವಾದಕ್ಕೆ ಜಾಗವಿದೆ. ಏನೂ ಇಲ್ಲದೆ ಬರೀ ‘ಡಿಪ್ಲೊಮಾ ಹೊಂದಿರತಕ್ಕದ್ದು’ ಎಂದಿದ್ದರೆ ವಕೀಲರಿಗೆ ದುಡ್ಡು ಸುರಿಯುವ ಮೊದಲು ಎರಡು ಸಲ ಯೋಚಿಸಿ. ತಿದ್ದುಪಡಿಗಳನ್ನೂ ಬಿಡಬೇಡಿ, ಒಂದೇ ಪದ ಸೇರಿಸಿದ ತಿದ್ದುಪಡಿ ಮೂಲ ಪುಸ್ತಕದಲ್ಲಿ ಸಿಗುವುದಿಲ್ಲ.

ಹಾಲ್ ಟಿಕೆಟ್ ಬಂದಿತ್ತು ಎನ್ನುವ ವಾದ ನಿಲ್ಲುವುದು ಕಷ್ಟ. ಪರೀಕ್ಷೆಗೆ ಬಿಟ್ಟ ಮಾತ್ರಕ್ಕೆ ಅರ್ಹತೆ ಒಪ್ಪಿದಂತಲ್ಲ ಎಂಬ ಷರತ್ತು ಬಹುತೇಕ ಎಲ್ಲ ಅಧಿಸೂಚನೆಗಳಲ್ಲೂ ಇರುತ್ತದೆ.

ಉತ್ತರ 2: ಹಿಂಬರಹ

ಆಕ್ಷೇಪಣೆಯ ಮಾತಿಗೆ ಬರೋಣ. ಏಳು ದಿನ ಅಂದರೆ ಕಡಿಮೆ, ಇವತ್ತೇ ಬರೆಯಲು ಕೂರಿ.

ಒಂದೂವರೆ ಪುಟ ಸಾಕು. ಮೇಲೆ ಅಧಿಸೂಚನೆಯ ಸಂಖ್ಯೆ, ದಿನಾಂಕ, ನಿಮ್ಮ ಅರ್ಜಿ ಸಂಖ್ಯೆ, ನೋಂದಣಿ ಸಂಖ್ಯೆ, ಪಡೆದ ಅಂಕ, ನಿಮ್ಮ ಮೀಸಲು ವರ್ಗದಲ್ಲಿ ಕೊನೆಗೆ ಆಯ್ಕೆಯಾದವರ ಅಂಕ. ಆಮೇಲೆ ನಿಯಮದ ಆ ಸಾಲನ್ನು ಇದ್ದಂತೆಯೇ ಬರೆದು, ಅದರ ಯಾವ ಪದದ ಪ್ರಕಾರ ನೀವು ಅರ್ಹರು ಎಂದು ಹೇಳಿ. ‘ನಾನು ಹೆಚ್ಚು ಓದಿದ್ದೇನೆ, ಅನ್ಯಾಯವಾಗಿದೆ’ ಎಂದು ಎರಡು ಪುಟ ಬರೆದರೆ ಪರಿಶೀಲಿಸುವ ಗುಮಾಸ್ತರಿಗೆ ಕಡತದಲ್ಲಿ ಬರೆಯಲು ಏನೂ ಸಿಗುವುದಿಲ್ಲ. ಕೊನೆಗೆ ಎರಡು ಕೋರಿಕೆ ಇರಲಿ: ಆಕ್ಷೇಪಣೆ ಇತ್ಯರ್ಥವಾಗುವವರೆಗೆ ಒಂದು ಹುದ್ದೆ ಕಾಯ್ದಿರಿಸಬೇಕು, ತಿರಸ್ಕರಿಸುವುದಾದರೆ ಕಾರಣ ಸಹಿತ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೊಡಬೇಕು. ಮುಂದೆ ನ್ಯಾಯಾಲಯಕ್ಕೆ ಹೋದರೆ ಪ್ರಶ್ನಿಸುವುದು ಆ ಹಿಂಬರಹವನ್ನೇ. ‘ಪರಿಶೀಲಿಸಲಾಗಿದೆ, ತಿರಸ್ಕರಿಸಿದೆ’ ಎಂಬ ಒಂದು ಸಾಲಿನ ಹಿಂಬರಹ ಬಂದರೂ ಬೇಸರ ಬೇಡ, ಕಾರಣ ಕೊಡದಿರುವುದೇ ನಿಮಗೊಂದು ವಾದ.

ಇಮೇಲ್ ಕಳಿಸಿ, ಜೊತೆಗೆ ಸ್ಪೀಡ್ ಪೋಸ್ಟ್ ಮಾಡಿ, ಸಾಧ್ಯವಾದರೆ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಆ ಸೀಲು ಇಲ್ಲದಿದ್ದರೆ ‘ಅವಧಿಯೊಳಗೆ ಬಂದಿಲ್ಲ’ ಎನ್ನುವುದು ಸುಲಭ.

ಅದೇ ದಿನ ಮಾಹಿತಿ ಹಕ್ಕು ಅರ್ಜಿಯನ್ನೂ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಹಾಗಾಗಿ ಎರಡು ಅರ್ಜಿ ಮಾಡಿ. ಒಂದರಲ್ಲಿ ಜೆಇ ಹುದ್ದೆಯ ನೇಮಕಾತಿ ನಿಯಮ ಮತ್ತು ಎಲ್ಲ ತಿದ್ದುಪಡಿಗಳ ದೃಢೀಕೃತ ಪ್ರತಿ ಕೇಳಿ. ಇನ್ನೊಂದರಲ್ಲಿ ನಿಮ್ಮ ನೋಂದಣಿ ಸಂಖ್ಯೆಯ ಪರಿಶೀಲನಾ ಟಿಪ್ಪಣಿ ಕೇಳಿ. ಇದೇ ನೇಮಕಾತಿಯಲ್ಲಿ ಡಿಪ್ಲೊಮಾ ಇಲ್ಲದ ಬಿಇ ಅಭ್ಯರ್ಥಿಗಳು ಆಯ್ಕೆಯಾಗಿದ್ದಾರೆಯೇ ಎಂಬ ಅನುಮಾನ ಇದ್ದರೆ ಹೆಸರು ಕೇಳಬೇಡಿ, ಸಂಖ್ಯೆ ಕೇಳಿ. ಹೆಸರು ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ನಿರಾಕರಿಸುತ್ತಾರೆ. ಉತ್ತರಕ್ಕೆ 30 ದಿನ ಇದೆ. ಆದರೆ ಅದಕ್ಕಾಗಿ ಕಾದು ಕೂತರೆ ಅಷ್ಟರಲ್ಲಿ ನೇಮಕಾತಿ ಆದೇಶವೇ ಹೊರಟುಬಿಡಬಹುದು.

ಉತ್ತರ 3: ಕೋರ್ಟ್_ದಾರಿ

ಎಲ್ಲಿಗೆ ಹೋಗಬೇಕು ಎಂಬಲ್ಲೇ ಬಹಳ ಜನ ತಿಂಗಳುಗಟ್ಟಲೆ ಕಳೆದುಕೊಳ್ಳುತ್ತಾರೆ. ಸರ್ಕಾರಿ ಇಲಾಖೆಯ ಹುದ್ದೆಯಾದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ, ಅಂದರೆ ಕೆಎಟಿ. ಬೆಂಗಳೂರು, ಬೆಳಗಾವಿ, ಕಲಬುರಗಿಯಲ್ಲಿ ಪೀಠಗಳಿವೆ, ಅಂತಿಮ ಆದೇಶದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ನಿಮ್ಮದು ನಿಗಮ. ಆ ನಿಗಮವನ್ನು ಕೆಎಟಿ ವ್ಯಾಪ್ತಿಗೆ ತಂದ ಅಧಿಸೂಚನೆ ಇಲ್ಲದಿದ್ದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟ್‌ಗೆ ರಿಟ್ ಹಾಕಬೇಕು. ರಿಟ್‌ಗೆ ನಿಗದಿತ ಗಡುವಿಲ್ಲ, ಆದರೂ ತಡವೇ ತಿರಸ್ಕಾರಕ್ಕೆ ಕಾರಣವಾಗಬಹುದು.

ಅಂತಿಮ ಪಟ್ಟಿ ಬಂದ ಮೇಲೆ ಹೋಗುವುದಾದರೆ, ನೀವು ಗೆದ್ದರೆ ಹುದ್ದೆ ಕಳೆದುಕೊಳ್ಳುವ ಅಭ್ಯರ್ಥಿಯನ್ನು ಪ್ರತಿವಾದಿ ಮಾಡಲೇಬೇಕು. ಮಾಡದ ಅರ್ಜಿ ಆ ಒಂದೇ ಕಾರಣಕ್ಕೆ ಬೀಳಬಹುದು. ಪಟ್ಟಿ ತಾತ್ಕಾಲಿಕವಾಗಿರುವಾಗಲೇ ಹೋದರೆ ಒಂದು ಹುದ್ದೆ ಖಾಲಿ ಇಡುವಂತೆ ಮಧ್ಯಂತರ ಆದೇಶ ಕೇಳಲು ಅನುಕೂಲ.

ಇನ್ನೊಂದು ಎಚ್ಚರಿಕೆ. ‘ಡಿಪ್ಲೊಮಾ ಮಾತ್ರ ಎಂಬ ಷರತ್ತೇ ತಪ್ಪು’ ಎಂದು ಈಗ ವಾದಿಸಬೇಡಿ. ಷರತ್ತು ಓದಿ, ಒಪ್ಪಿ, ಪರೀಕ್ಷೆ ಬರೆದ ಮೇಲೆ ಅದನ್ನೇ ಪ್ರಶ್ನಿಸುವವರ ಮಾತನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಕೇಳುವುದಿಲ್ಲ. ನಿಯಮವನ್ನು ತಪ್ಪಾಗಿ ಅನ್ವಯಿಸಿದ್ದಾರೆ ಎಂದು ಮಾತ್ರ ಹೇಳಿ. ಷರತ್ತಿನ ಮೇಲೆಯೇ ತಕರಾರಿದ್ದರೆ ಮುಂದಿನ ನೇಮಕಾತಿಯಲ್ಲಿ ಅಧಿಸೂಚನೆ ಬಂದ ಕೂಡಲೇ, ಪರೀಕ್ಷೆಗೆ ಮೊದಲೇ ಹೋಗಬೇಕು.

ಸಿವಿಲ್_ಅಭ್ಯರ್ಥಿ

ತುಂಬಾ ಧನ್ಯವಾದಗಳು. ನಿಯಮದ ಪ್ರತಿ ಸಿಕ್ಕಿತು, ‘ಡಿಪ್ಲೊಮಾ ಅಥವಾ ತತ್ಸಮಾನ’ ಎಂದಿದೆ. ಬಿಇ ತತ್ಸಮಾನ ಎಂದು ವಿಟಿಯುನಿಂದ ಪತ್ರ ತಂದರೆ ಆಗುತ್ತದಾ? ಮುಂದಿನ ಸಲ ಇಂಥ ಹುದ್ದೆಗೆ ಬಿಇ ತೋರಿಸದೆ ಅರ್ಜಿ ಹಾಕಿ ಎಂದು ಗೆಳೆಯರು ಹೇಳುತ್ತಿದ್ದಾರೆ.

ಉತ್ತರ 4: ನಿಯಮ_ಓದುಗ

ಎರಡನೆಯದನ್ನು ದಯವಿಟ್ಟು ಮಾಡಬೇಡಿ. 2020ರಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕ್ ವಿರುದ್ಧ ಅನಿತ್ ಕುಮಾರ್ ದಾಸ್ ಪ್ರಕರಣದಲ್ಲಿ ಪದವಿ ಮುಚ್ಚಿಟ್ಟು ಪ್ಯೂನ್ ಹುದ್ದೆಗೆ ಆಯ್ಕೆಯಾದವರ ನೇಮಕಾತಿ ರದ್ದಾದದ್ದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಅರ್ಹತೆ ಇಲ್ಲ ಎಂಬ ತಿರಸ್ಕಾರ ಒಂದು ಹುದ್ದೆಗೆ ಮುಗಿಯುತ್ತದೆ, ಮಾಹಿತಿ ಮುಚ್ಚಿಟ್ಟ ಆರೋಪ ಮುಂದಿನ ಅರ್ಜಿಗಳಿಗೂ ಅಡ್ಡ ಬರುತ್ತದೆ.

ವಿಟಿಯು ಪತ್ರ ಸಹಾಯಕ ದಾಖಲೆ ಅಷ್ಟೇ. ಈ ಹುದ್ದೆಗೆ ತತ್ಸಮಾನವೇ ಎಂದು ಹೇಳಬೇಕಾದದ್ದು ನಿಗಮ ಅಥವಾ ಅದರ ಮಾತೃ ಇಲಾಖೆ, ಅಂದರೆ ನಿಗಮ ಯಾವ ಸರ್ಕಾರಿ ಇಲಾಖೆಯಡಿ ಬರುತ್ತದೋ ಅದು. ಅರ್ಜಿಯ ಕೊನೆಯ ದಿನಾಂಕಕ್ಕೆ ಮೊದಲೇ ಹೊರಡಿಸಿದ ತತ್ಸಮಾನತೆಯ ಆದೇಶ ಇದ್ದರೆ ಅದೇ ಬಲವಾದ ದಾಖಲೆ, ಮಾತೃ ಇಲಾಖೆಯ ಹಳೆಯ ಸುತ್ತೋಲೆಗಳಲ್ಲಿ ಹುಡುಕಿ. ಸಿಗದಿದ್ದರೆ ಡಿಪ್ಲೊಮಾ ಮತ್ತು ಬಿಇ ಪಠ್ಯಕ್ರಮಗಳನ್ನು ವಿಷಯವಾರು ಎದುರುಬದುರು ಇಟ್ಟ ಒಂದು ಪಟ್ಟಿ ಮಾಡಿ: ಸರ್ವೇ, ಕಟ್ಟಡ ಸಾಮಗ್ರಿ, ಅಂದಾಜು ಪಟ್ಟಿ ತಯಾರಿ, ಕಾಂಕ್ರೀಟ್ ತಂತ್ರಜ್ಞಾನ. ಪ್ರಾಯೋಗಿಕ ತರಗತಿಗಳ ಅವಧಿಯನ್ನೂ ಬರೆಯಿರಿ. ಡಿಪ್ಲೊಮಾದವರಿಗೆ ಸೈಟ್ ಕೆಲಸದ ಅಭ್ಯಾಸ ಹೆಚ್ಚು ಎನ್ನುವುದು ಎದುರು ಪಕ್ಷದ ಮುಖ್ಯ ವಾದವಾಗಿರುತ್ತದೆ, ಅದಕ್ಕೆ ಉತ್ತರ ನಿಮ್ಮ ಪಟ್ಟಿಯಲ್ಲೇ ಇರಬೇಕು.

ಡಿಸಿಇಟಿ_ಬ್ಯಾಚ್

ಇದಕ್ಕೇ ಸೇರಿದ ಒಂದು ಸಣ್ಣ ಪ್ರಶ್ನೆ. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಿಇ ಮಾಡಿದವರು ಅರ್ಜಿಯಲ್ಲಿ ಬಿಇ ಮಾತ್ರ ತುಂಬಿದ್ದರೆ?

ಉತ್ತರ 5: ಹಿಂಬರಹ

ನಿಮ್ಮದು ಅರ್ಹತೆಯ ಕೊರತೆಯಲ್ಲ, ಅರ್ಜಿಯ ಲೋಪ. ತಿದ್ದುಪಡಿ ಅವಧಿ ತೆರೆದಿದ್ದರೆ ಇಂದೇ ಡಿಪ್ಲೊಮಾ ಸೇರಿಸಿ. ಮುಗಿದಿದ್ದರೆ ದಾಖಲೆ ಪರಿಶೀಲನೆಗೆ ಡಿಪ್ಲೊಮಾ ಪ್ರಮಾಣಪತ್ರ, ಆರೂ ಸೆಮಿಸ್ಟರ್‌ಗಳ ಅಂಕಪಟ್ಟಿ ಒಯ್ಯಿರಿ. ಬಿಇಗೆ ನೇರವಾಗಿ ಮೂರನೇ ಸೆಮಿಸ್ಟರ್‌ಗೆ ಸೇರಿದ ದಾಖಲೆಯೂ ಜೊತೆಗಿರಲಿ. ಪ್ರಮಾಣಪತ್ರದ ದಿನಾಂಕ ಅರ್ಜಿಯ ಕೊನೆಯ ದಿನಕ್ಕಿಂತ ಹಿಂದಿನದು ಎನ್ನುವುದನ್ನು ಮನವಿಯ ಮೊದಲ ಸಾಲಲ್ಲೇ ಬರೆದು, ಮೌಖಿಕವಾಗಿ ಹೇಳಿ ಬಿಡದೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.