ನಿಮ್ಮ ಮಗ ಫ್ರಾಟರ್ನಿಟಿ ಸೇರ್ತೀನಿ ಅಂದಾಗ ನನಗೆ ನೆನಪಾದ ಜಾನ್ ಲೂಯಿಸ್

ಅಕ್ಕ, ಕಳೆದ ವಾರ ನೀವು ಕೇಳಿದ ಪ್ರಶ್ನೆಗೆ ನಾನು ಆಗ ಉತ್ತರ ಕೊಡಲಿಲ್ಲ. ನಿಮ್ಮ ಮಗ ಕಾಲೇಜಿನಲ್ಲಿ ಎರಡನೇ ವರ್ಷ, ಫೈ ಬೀಟಾ ಸಿಗ್ಮಾ ಅನ್ನುವ ಫ್ರಾಟರ್ನಿಟಿ, ಅಂದರೆ ಕಾಲೇಜು ಹುಡುಗರ ಸಂಘ, ಸೇರ್ತೀನಿ ಅಂತ ಹಟ ಹಿಡಿದಿದ್ದಾನೆ, ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ, ಬಿಡೋದಾ ಬೇಡ್ವಾ ಅಂತ ಕೇಳಿದಿರಿ. ಬಹಳ ಜನ ಬೇಡ ಅಂತಲೇ ಹೇಳಿದರು. "ಓದೋಕೆ ಕಳಿಸಿದ್ದೀವಿ, ಓದಲಿ. ನಮಗ್ಯಾಕೆ ಇಲ್ಲದ ತಂಟೆ" ಅಂತ ಒಬ್ಬರು ಬರೆದಿದ್ದರು. ಆ ಮಾತು ನನ್ನನ್ನು ವಾರವಿಡೀ ಬಿಡಲಿಲ್ಲ. 2020ರಲ್ಲಿ ನಾನೂ ನನ್ನ ಮಗನಿಗೆ ಇದನ್ನೇ ಹೇಳಿದ್ದೆ.

ಮೊದಲು ನಿಮ್ಮ ಭಯದ ವಿಷಯ. ಅದು ಸುಮ್ನೆ ಹುಟ್ಟಿದ ಭಯವಲ್ಲ. ಹೇಜಿಂಗ್ ಅಂತ ಇಲ್ಲಿ ಅಮೆರಿಕದಲ್ಲಿ ಏನನ್ನು ಕರೆಯುತ್ತಾರೋ ಅದು ನಮ್ಮ ಕಡೆಯ ರ್‍ಯಾಗಿಂಗ್ ತರಹದ್ದೇ. ಅದರಿಂದ ಮಕ್ಕಳು ಸತ್ತಿದ್ದಾರೆ. ಹಾಗಾಗಿ ಸೇರುವ ಮುಂಚೆ ವಿಚಾರಿಸಲೇಬೇಕು. ನಮ್ಮ ಜಾರ್ಜಿಯಾ ರಾಜ್ಯದಲ್ಲಿ 2021ರಿಂದ ಒಂದು ಕಾನೂನಿದೆ. ಯಾವ ಸಂಘದ ಮೇಲೆ ಹೇಜಿಂಗ್ ದೂರು ಸಾಬೀತಾಗಿದೆ ಅನ್ನುವುದನ್ನು ಕಾಲೇಜುಗಳು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಅದನ್ನು ತೆಗೆದು ನೋಡಿ. ಆ ಘಟಕಕ್ಕೆ ಕಾಲೇಜಿನ ಮಾನ್ಯತೆ ಇದೆಯಾ ಕೇಳಿ. ಮಗನ ಜೊತೆ ಕೂತು ಬಾಯಿಬಿಟ್ಟು ಮಾತಾಡಿ, ಯಾರಾದರೂ ಕುಡಿಸಿದರೆ, ಹೊಡೆದರೆ, ಅವಮಾನ ಮಾಡಿದರೆ ಅಲ್ಲಿಂದ ಎದ್ದು ಬರಬೇಕು ಅಂತ. ಇಷ್ಟು ಮಾಡಿದ ಮೇಲೆ ಬೇಡ ಅನ್ನಿಸಿದರೆ ಬೇಡ ಅನ್ನಿ. ಆದರೆ ತಂಟೆ ಅನ್ನುವ ಒಂದೇ ಕಾರಣಕ್ಕೆ ಬೇಡ ಅನ್ನಬೇಡಿ. ಹೀಗೆ ಹೇಳಲು ಕಾರಣ ಜಾನ್ ಲೂಯಿಸ್, ಇಲ್ಲಿನ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ನಾಯಕ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

2020ರ ಜೂನ್. ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ಮನುಷ್ಯ ಪೊಲೀಸರ ಕೈಯಲ್ಲಿ ಸತ್ತು ಕೆಲವೇ ದಿನ ಆಗಿತ್ತು. ನನ್ನ ಮಗನಿಗೆ ಆಗ 16. ಶಾಲೆಯ ಸ್ನೇಹಿತರ ಜೊತೆ ಮೆರವಣಿಗೆಗೆ ಹೋಗ್ತೀನಿ ಅಂದ. ನಾನು ಬಿಡಲಿಲ್ಲ. ನಮ್ಮ ಗ್ರೀನ್ ಕಾರ್ಡ್ ಇನ್ನೂ ಸರದಿಯಲ್ಲೇ ಇತ್ತು. ಪೊಲೀಸರು ಹಿಡಿದರೆ ಏನು ಗತಿ, ನಾವು ಬಂದಿರುವುದು ದುಡಿಯೋಕೆ, ಊರವರ ಉಸಾಬರಿ ನಮಗ್ಯಾಕೆ ಅಂದೆ. ಅವನು ಎದುರು ಮಾತಾಡಲಿಲ್ಲ. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ.

ಅದೇ ತಿಂಗಳು ಶಿವಮೊಗ್ಗದಲ್ಲಿ ನನ್ನ ಅಪ್ಪ ತೀರಿಕೊಂಡರು. ವಿಮಾನ ಇರಲಿಲ್ಲ. ಹಿರಿಯ ಮಗ ನಾನು, ಹೆಗಲು ಕೊಡಲು ಹೋಗಲಾಗಲಿಲ್ಲ. ಚಿಕ್ಕಪ್ಪನ ಮಕ್ಕಳು ಹೊತ್ತರು. ಅದನ್ನು ನಾನು ಫೋನಿನಲ್ಲಿ ನೋಡಿದೆ. ನಿಮ್ಮಲ್ಲಿ ಕೆಲವರಿಗೆ ಆ ವರ್ಷ ಹೀಗೇ ಆಗಿತ್ತು ಅಂತ ಗೊತ್ತು. ಜಾಸ್ತಿ ಬರೆಯುವುದಿಲ್ಲ.

ಜುಲೈ 17ಕ್ಕೆ ಜಾನ್ ಲೂಯಿಸ್ ಹೋದರು. 80 ವರ್ಷ, ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್. 1987ರಿಂದ ಕೊನೆಯ ದಿನದವರೆಗೆ ಅಟ್ಲಾಂಟಾದ ಸಂಸದರಾಗಿದ್ದವರು. ನನಗೆ ಅವರ ಹೆಸರು ಗೊತ್ತಿತ್ತು ಅಷ್ಟೆ. ಜುಲೈ 29ರಂದು ಅವರ ಪಾರ್ಥಿವ ಶರೀರವನ್ನು ಅಟ್ಲಾಂಟಾದ ರಾಜ್ಯ ಕ್ಯಾಪಿಟಲ್ ಕಟ್ಟಡದಲ್ಲಿ ಇಟ್ಟಿದ್ದರು. ಟಿವಿ ಹಾಕಿದ್ದೆ. ಒಂದು ಗುಂಪು ಗಂಡಸರು ಬಂದು ಪೆಟ್ಟಿಗೆಯ ಸುತ್ತ ನಿಂತರು. ತಮ್ಮದೇ ಪದ್ಧತಿಯಲ್ಲಿ ವಿದಾಯ ಹೇಳಿದರು. ಮಗ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ. "ಇವರೆಲ್ಲ ಅವರ ನೆಂಟರಾ ಅಪ್ಪಾ?" ಅಂದ. ನನಗೆ ಗೊತ್ತಿರಲಿಲ್ಲ. ಹುಡುಕಿ ನೋಡಿದೆವು. ಅವರು ಫೈ ಬೀಟಾ ಸಿಗ್ಮಾದವರು. ಲೂಯಿಸ್ ಕೂಡ ಅದೇ ಸಂಘದ ಸದಸ್ಯ, ಅವರ ಮಾತಿನಲ್ಲಿ ಬ್ರದರ್. ರಕ್ತಸಂಬಂಧ ಇಲ್ಲ. ಆದರೂ ಅಣ್ಣತಮ್ಮಂದಿರ ಹಾಗೆ ಬಂದು ನಿಂತಿದ್ದರು. ಒಂದು ತಿಂಗಳ ಹಿಂದೆ ಅಪ್ಪನಿಗೆ ಹೆಗಲು ಕೊಡಲಾಗದ ನನಗೆ ಅದನ್ನು ನೋಡಿ ಹೊಟ್ಟೆಯೊಳಗೆ ಏನೋ ಕಲಸಿದ ಹಾಗಾಯಿತು. ಅವತ್ತು ರಾತ್ರಿ ಮಗನೂ ನಾನೂ ಎರಡು ಗಂಟೆವರೆಗೆ ಓದಿದೆವು.

ಆ ಸಂಘ ಶುರುವಾಗಿದ್ದು 1914ರ ಜನವರಿ 9ರಂದು, ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ. ಮೂವರು ವಿದ್ಯಾರ್ಥಿಗಳು ಕಟ್ಟಿದ್ದು. ಕಪ್ಪು ಜನರ ಇಂಥ ಒಂಬತ್ತು ದೊಡ್ಡ ಸಂಘಗಳನ್ನು ಡಿವೈನ್ ನೈನ್ ಅಂತ ಕರೆಯುತ್ತಾರೆ, ಅದರಲ್ಲಿ ಇದೂ ಒಂದು. ಕಾಲೇಜು ಮುಗಿದರೆ ಸಂಬಂಧ ಮುಗಿಯುವುದಿಲ್ಲ, ಸಾಯುವವರೆಗೂ ಸದಸ್ಯರೇ. ಕಲಿತದ್ದು ಸೇವೆಗೆ, ಸೇವೆ ಮನುಷ್ಯಕುಲಕ್ಕೆ ಅನ್ನುವುದು ಅವರ ಧ್ಯೇಯವಾಕ್ಯದ ಅರ್ಥ. ನಮ್ಮ ಮಕ್ಕಳು ಶಾಲೆಯಲ್ಲಿ ಕಡಲೆಕಾಯಿ ವಿಜ್ಞಾನಿ ಅಂತ ಓದುತ್ತಾರಲ್ಲ, ಜಾರ್ಜ್ ವಾಷಿಂಗ್ಟನ್ ಕಾರ್ವರ್, ಅವರೂ ಸಿಗ್ಮಾದವರೇ.

ಲೂಯಿಸ್ ಹುಟ್ಟಿದ್ದು 1940ರಲ್ಲಿ, ಅಲಬಾಮಾದ ಟ್ರಾಯ್ ಊರಿನ ಹತ್ತಿರ. ಅಪ್ಪ ಅಮ್ಮ ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದರು. ಹತ್ತು ಜನ ಮಕ್ಕಳು. 1944ರಲ್ಲಿ ಅಪ್ಪ 300 ಡಾಲರ್ ಕೂಡಿಟ್ಟು 110 ಎಕರೆ ಸ್ವಂತ ಜಮೀನು ತೆಗೆದುಕೊಂಡರು. ಹುಡುಗ ಪೇಟೆಗೆ ಹೋದಾಗೆಲ್ಲ ಬೋರ್ಡುಗಳನ್ನು ನೋಡುತ್ತಿದ್ದ. ಇದು ಬಿಳಿಯರಿಗೆ, ಇದು ಕರಿಯರಿಗೆ. ಯಾಕೆ ಹೀಗೆ ಅಂತ ಮನೆಗೆ ಬಂದು ಕೇಳಿದರೆ, ಇರೋದೇ ಹೀಗೆ, ಅಡ್ಡ ಹೋಗಬೇಡ, ತಂಟೆ ಮೈಮೇಲೆ ಎಳಕೋಬೇಡ ಅನ್ನುತ್ತಿದ್ದರಂತೆ. ಈ ಮಾತನ್ನು ಲೂಯಿಸ್ ಆಮೇಲೆ ಬದುಕಿಡೀ ನೆನೆಸಿಕೊಂಡು ಹೇಳುತ್ತಿದ್ದರು. ಒಳ್ಳೆಯ ತಂಟೆ ಅಂತಲೂ ಒಂದಿದೆ, ಬೇಕಾದ ತಂಟೆ, ಅದಕ್ಕೆ ನೀವು ಇಳಿಯಲೇಬೇಕು ಅಂತ ಚಿಕ್ಕವರಿಗೆ ಹೇಳುತ್ತಿದ್ದರು. ಇದನ್ನು ಓದಿದಾಗ ಮಗ ನನ್ನ ಮುಖ ನೋಡಿದ. ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ನನಗೆ ಅವರ ಅಪ್ಪ ಅಮ್ಮನ ಮೇಲೆ ಸಿಟ್ಟು ಬರುವುದಿಲ್ಲ. ಅವರಿಗೆ ಗೊತ್ತಿದ್ದದ್ದು ಆ ಒಂದು ತುಂಡು ಭೂಮಿ ಮತ್ತು ಅದನ್ನು ಯಾವಾಗ ಬೇಕಾದರೂ ಕಿತ್ತುಕೊಳ್ಳಬಲ್ಲ ಜನ. 1960ರಲ್ಲಿ, ಓದಲು ಹೋಗಿದ್ದ ನ್ಯಾಶ್‌ವಿಲ್‌ನಲ್ಲಿ ಲೂಯಿಸ್ ಹೋರಾಟಕ್ಕೆ ಇಳಿದು ಮೊದಲ ಸಲ ಜೈಲಿಗೆ ಹೋದಾಗ ಅಮ್ಮ ಕಾಗದ ಬರೆದು, ಆ ಗಲಾಟೆಯಿಂದ ಹೊರಗೆ ಬಾ ಅಂತ ಬೇಡಿಕೊಂಡಿದ್ದರು. ನಾವೂ ಹಾಗೇ ಬರೆಯುತ್ತಿದ್ದೆವು ಅಲ್ವಾ?

ಒಂದು ಸಂಗತಿ ನನ್ನನ್ನು ತುಂಬಾ ಕಾಡಿತು. 1956ರಲ್ಲಿ 16ರ ಹುಡುಗ ಲೂಯಿಸ್ ಅಣ್ಣತಂಗಿಯರ ಜೊತೆ ಊರಿನ ಲೈಬ್ರರಿಗೆ ಹೋಗಿ ಕಾರ್ಡು ಕೇಳಿದರು. ಲೈಬ್ರರಿ ಬಿಳಿಯರಿಗೆ ಮಾತ್ರ ಅಂದು ವಾಪಸ್ ಕಳಿಸಿದರು. ನಾವು ಈ ದೇಶಕ್ಕೆ ಬಂದ ಮೊದಲ ವಾರ ಮಾಡಿದ ಕೆಲಸವೇ ಲೈಬ್ರರಿ ಕಾರ್ಡು ಮಾಡಿಸಿದ್ದು. ಕರೆಂಟ್ ಬಿಲ್ ತೋರಿಸಿದೆವು, ಐದು ನಿಮಿಷದಲ್ಲಿ ಕೊಟ್ಟರು. ಯಾರೂ ಮೇಲೆ ಕೆಳಗೆ ನೋಡಲಿಲ್ಲ. ಲೂಯಿಸ್‌ಗೆ ಆ ಲೈಬ್ರರಿಯ ಕಾರ್ಡು ಸಿಕ್ಕಿದ್ದು 1998ರಲ್ಲಿ, ತಾವೇ ಬರೆದ ಆತ್ಮಕಥೆಗೆ ಸಹಿ ಹಾಕಿಕೊಡಲು ಅಲ್ಲಿಗೆ ಹೋದಾಗ.

ನಮ್ಮ ದೇಶದ ಒಂದು ಎಳೆಯೂ ಇದರಲ್ಲಿದೆ. ನ್ಯಾಶ್‌ವಿಲ್‌ನಲ್ಲಿ ಲೂಯಿಸ್ ಮತ್ತು ಜೊತೆಯ ವಿದ್ಯಾರ್ಥಿಗಳಿಗೆ ಅಹಿಂಸೆಯ ತರಬೇತಿ ಕೊಟ್ಟವರು ಜೇಮ್ಸ್ ಲಾಸನ್. ಅವರು 1950ರ ದಶಕದಲ್ಲಿ ಮೂರು ವರ್ಷ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು ಗಾಂಧಿಯ ದಾರಿಯನ್ನು ಕಲಿತು ಬಂದವರು. ಚರ್ಚಿನಲ್ಲಿ ಅಭ್ಯಾಸ ನಡೆಯುತ್ತಿತ್ತು. ಒಬ್ಬರು ಕುರ್ಚಿಯ ಮೇಲೆ ಕೂರಬೇಕು. ಉಳಿದವರು ಬಯ್ಯಬೇಕು, ತಳ್ಳಬೇಕು, ಕುರ್ಚಿಯಿಂದ ಕೆಡವಬೇಕು. ಕೂತವರು ಕೈ ಎತ್ತಬಾರದು. ಆಮೇಲೆ ಬಿಳಿಯರಿಗೆ ಮಾತ್ರ ಊಟ ಕೊಡುತ್ತಿದ್ದ ನಿಜವಾದ ಹೋಟೆಲ್ ಕೌಂಟರಿಗೆ ಹೋಗಿ ಕೂತರು, ನಿಜವಾದ ಏಟು ತಿಂದರು. 1960ರ ಮೇ 10ರಂದು ನ್ಯಾಶ್‌ವಿಲ್‌ನ ಕೌಂಟರುಗಳು ಕಪ್ಪು ಜನರಿಗೂ ಊಟ ಬಡಿಸಲು ಶುರು ಮಾಡಿದವು. ಅಟ್ಲಾಂಟಾ ಪೇಟೆಯ ಸಿವಿಲ್ ಅಂಡ್ ಹ್ಯೂಮನ್ ರೈಟ್ಸ್ ಮ್ಯೂಸಿಯಂನಲ್ಲಿ ಅಂಥದೇ ಒಂದು ಕೌಂಟರ್ ಮಾಡಿದ್ದಾರೆ. ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಎರಡೂ ಅಂಗೈ ಮೇಜಿನ ಮೇಲೆ ಇಟ್ಟು ಕೂರಬೇಕು. ಕಿವಿಯಲ್ಲಿ ಬೈಗುಳ ಬರುತ್ತದೆ. ನನ್ನ ಹೆಂಡತಿ ಅರ್ಧಕ್ಕೇ ಎದ್ದುಬಿಟ್ಟಳು. ತೀರಾ ಚಿಕ್ಕ ಮಕ್ಕಳನ್ನು ಕೂರಿಸಬೇಡಿ. ದೊಡ್ಡ ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ.

ಕಪ್ಪು ಜನರ ಹಕ್ಕಿಗಾಗಿ ನಡೆದ 1963ರ ಆಗಸ್ಟ್ 28ರ ವಾಷಿಂಗ್ಟನ್ ಸಭೆಯಲ್ಲಿ ಮಾತಾಡಿದವರಲ್ಲಿ ಎಲ್ಲರಿಗಿಂತ ಚಿಕ್ಕವರು ಲೂಯಿಸ್, 23 ವರ್ಷ. ಭಾಷಣ ತುಂಬಾ ಖಾರವಾಯಿತು ಅಂತ ಹಿರಿಯರಿಗೆ ಆತಂಕ. ಆ ಸಭೆಯ ಹಿರಿಯ, 74ರ ಎ. ಫಿಲಿಪ್ ರ್‍ಯಾಂಡಾಲ್ಫ್ ಬಂದು, ಈ ದಿನಕ್ಕಾಗಿ ನಾನು ಬದುಕಿಡೀ ಕಾದಿದ್ದೇನೆ ಅಂತ ಕೇಳಿಕೊಂಡರು. ಲೂಯಿಸ್ ಕೆಲವು ಮಾತು ಬದಲಿಸಿದರು. ರ್‍ಯಾಂಡಾಲ್ಫ್ ಕೂಡ ಸಿಗ್ಮಾದವರು. ಹಟವೂ ಬೇಕು, ಹಿರಿಯರ ಮಾತಿಗೆ ಬಗ್ಗುವುದೂ ಬೇಕು ಅಂತ ಮಗನಿಗೆ ತೋರಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಆಮೇಲೆ ಅಲಬಾಮಾದ ಸೆಲ್ಮಾ ಊರು. 1965ರ ಮಾರ್ಚ್ 7, ಭಾನುವಾರ. ವೋಟಿನ ಹಕ್ಕು ಕೇಳಿ ಸುಮಾರು 600 ಜನ ಎಡ್ಮಂಡ್ ಪೆಟ್ಟಸ್ ಸೇತುವೆ ದಾಟಿದರು. ಮುಂದೆ ಇಬ್ಬರು, ಲೂಯಿಸ್ ಮತ್ತು ಹೊಸಿಯಾ ವಿಲಿಯಮ್ಸ್. ಹೊಸಿಯಾ ಕೂಡ ಅದೇ ಸಂಘದವರು. ಲೂಯಿಸ್ ಬೆನ್ನಿಗೆ ಒಂದು ಚೀಲ. ಅದರಲ್ಲಿ ಎರಡು ಪುಸ್ತಕ, ಒಂದು ಸೇಬು, ಒಂದು ಕಿತ್ತಳೆ, ಹಲ್ಲುಜ್ಜುವ ಬ್ರಷ್ಷು, ಪೇಸ್ಟು. ಜೈಲಿಗೆ ಹಾಕುತ್ತಾರೆ ಅಂತ ತಯಾರಾಗಿ ಬಂದಿದ್ದರು. ಪೊಲೀಸರು ಲಾಠಿ ಬೀಸಿದರು, ಕುದುರೆ ನುಗ್ಗಿಸಿದರು, ಅಶ್ರುವಾಯು ಬಿಟ್ಟರು. ಲೂಯಿಸ್ ತಲೆಬುರುಡೆ ಒಡೆಯಿತು. ದೇಶ ಟಿವಿಯಲ್ಲಿ ಅದನ್ನು ನೋಡಿತು. ಆಗಸ್ಟ್ 6ಕ್ಕೆ ಮತದಾನದ ಹಕ್ಕಿನ ಕಾನೂನಿಗೆ ಸಹಿ ಬಿತ್ತು.

ಅದೇ ವರ್ಷ ಅಕ್ಟೋಬರ್ 3ಕ್ಕೆ ಅದೇ ಅಧ್ಯಕ್ಷ ಜಾನ್ಸನ್ ಇನ್ನೊಂದು ಕಾನೂನಿಗೆ ಸಹಿ ಹಾಕಿದರು. ವಲಸೆಯ ಕಾನೂನು. ಅದಕ್ಕೂ ಮುಂಚೆ ಇಡೀ ಭಾರತಕ್ಕೆ ವರ್ಷಕ್ಕೆ 100 ಜನರ ಕೋಟಾ. ಹುಟ್ಟಿದ ದೇಶ ನೋಡಿ ಜನರನ್ನು ತೂಗಬಾರದು ಅನ್ನುವ ಮಾತಿಗೆ ಬಲ ಬಂದದ್ದು ಆ ಸೇತುವೆಯಂಥ ಜಾಗಗಳಿಂದ. ನಮ್ಮ ಕನ್ನಡ ಕೂಟಗಳು, ಯುಗಾದಿ ಊಟ, ರಾಜ್ಯೋತ್ಸವ, ಭಾನುವಾರದ ಕನ್ನಡ ಕಲಿ ತರಗತಿ, ಇದಕ್ಕೆಲ್ಲ ದಾರಿ ಬಿಟ್ಟದ್ದು ಆ ಎರಡನೇ ಸಹಿ. ಊರವರ ಉಸಾಬರಿ ನಮಗ್ಯಾಕೆ ಅಂದವನು ನಾನು. ಆ ಉಸಾಬರಿಯ ನೆರಳಲ್ಲೇ ನನ್ನ ಮನೆ ಇತ್ತು.

ಮನೆ ಅಂದೆನಲ್ಲ. ನಾವಿರುವುದು ಫೋರ್ಸೈತ್ ಕೌಂಟಿಯ ಕಮ್ಮಿಂಗ್‌ನಲ್ಲಿ. ನಿಮ್ಮಲ್ಲಿ ಎಷ್ಟೋ ಜನ ಇಲ್ಲೇ ಇದ್ದೀರಿ. ಒಳ್ಳೆಯ ಶಾಲೆ ಅಂತ ಬಂದೆವು. 1912ರಲ್ಲಿ ಈ ಕೌಂಟಿಯಿಂದ ಸಾವಿರಕ್ಕೂ ಹೆಚ್ಚು ಕಪ್ಪು ಜನರನ್ನು ಹೆದರಿಸಿ, ಮನೆ ಚರ್ಚು ಸುಟ್ಟು ಓಡಿಸಿದ್ದರು. ಮುಂದೆ ದಶಕಗಟ್ಟಲೆ ಒಬ್ಬರನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. 1987ರ ಜನವರಿ 17ರಂದು ಹೊಸಿಯಾ ವಿಲಿಯಮ್ಸ್ ಚಿಕ್ಕ ಗುಂಪು ಕಟ್ಟಿಕೊಂಡು ಇಲ್ಲಿ ನಡೆದರು. ಕಲ್ಲು, ಬಾಟಲಿ ತೂರಿದರು. ಒಂದು ವಾರ ಬಿಟ್ಟು, 24ಕ್ಕೆ ಸುಮಾರು 20 ಸಾವಿರ ಜನ ಬಂದರು. ಆ ತಿಂಗಳಷ್ಟೇ ಸಂಸದರಾಗಿದ್ದ ಲೂಯಿಸ್ ಕೂಡ ಬಂದರು. ನಾನು ದಿನಾ ಹಾಲು ತರಲು ಹೋಗುವ ಊರು ಅದು. ಹದಿನೈದು ವರ್ಷ ಇಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ. ಮಗನಿಗೂ ನಾನು ಹೇಳಿರಲಿಲ್ಲ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. 1961ರಲ್ಲಿ ಫ್ರೀಡಂ ರೈಡ್ ಬಸ್ಸಿನಲ್ಲಿ, ಅಂದರೆ ಬಸ್ಸುಗಳಲ್ಲಿನ ಬಿಳಿ-ಕಪ್ಪು ಭೇದ ಮುರಿಯಲು ಇಬ್ಬರೂ ಒಟ್ಟಿಗೆ ಮಾಡಿದ ಪಯಣದಲ್ಲಿ, ಹೋಗುವಾಗ ಸೌತ್ ಕೆರೊಲಿನಾದ ರಾಕ್ ಹಿಲ್‌ನಲ್ಲಿ ಲೂಯಿಸ್ ಅವರನ್ನು ಹೊಡೆದು ಕೆಡವಿದ್ದರು. 2009ರಲ್ಲಿ ಎಲ್ವಿನ್ ವಿಲ್ಸನ್ ಅನ್ನುವವರು ವಾಷಿಂಗ್ಟನ್‌ಗೆ ಬಂದು, ಅವತ್ತು ಹೊಡೆದವರಲ್ಲಿ ನಾನೊಬ್ಬ, ಕ್ಷಮಿಸಿ ಅಂದರು. ಲೂಯಿಸ್ ಕ್ಷಮಿಸಿದರು, ಅಪ್ಪಿಕೊಂಡರು. 48 ವರ್ಷ ಆಗಿತ್ತು. 2020ರ ಜುಲೈ 26ರಂದು ಕುದುರೆಗಾಡಿಯಲ್ಲಿ ಅವರ ಪೆಟ್ಟಿಗೆ ಕೊನೆಯ ಸಲ ಆ ಸೇತುವೆ ದಾಟಿತು. ದಾರಿಗೆ ಗುಲಾಬಿ ಎಸಳು ಹಾಸಿದ್ದರು. ಆಚೆ ಬದಿಯಲ್ಲಿ ಅಲಬಾಮಾದ ಅದೇ ಪೊಲೀಸ್ ಪಡೆಯವರು ನಿಂತು ಸೆಲ್ಯೂಟ್ ಹೊಡೆದರು. ನಾವು ಓದುತ್ತಿದ್ದ ಆ ರಾತ್ರಿ ಅದರ ವಿಡಿಯೋ ನೋಡುವಾಗ ಮಗ ನನ್ನ ಪಕ್ಕ ಬಂದು ಕೂತ. ಜೂನ್ ತಿಂಗಳ ಆ ಬಾಗಿಲು ಆಗ ತೆರೆಯಿತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಅವನು ಕಾಲೇಜಿನಲ್ಲಿ ಯಾವ ಫ್ರಾಟರ್ನಿಟಿಯನ್ನೂ ಸೇರಲಿಲ್ಲ. ಅವನ ರೂಮ್‌ಮೇಟ್ ಸಿಗ್ಮಾ ಸೇರಿದ. ಶನಿವಾರ ಅವರು ಊಟ ಹಂಚಲು ಹೋದಾಗ ಇವನೂ ಹೋಗುತ್ತಿದ್ದ. ಇಲ್ಲೇ ಹುಟ್ಟಿದ್ದರಿಂದ ಪೌರತ್ವ ಇದ್ದ ಇವನು 2022ರಲ್ಲಿ 18 ತುಂಬಿ ವೋಟು ಹಾಕಿದ. ಈ ದೇಶದಲ್ಲಿ ನಮ್ಮ ಮನೆಯ ಮೊದಲ ವೋಟು ಅದು. ಕಾರಿನಲ್ಲಿ ಹೊರಗೆ ಕಾಯುತ್ತಿದ್ದ ನನಗೆ ಬಂದು ಸ್ಟಿಕ್ಕರ್ ತೋರಿಸಿದ. ಹೋದ ವರ್ಷ ನನ್ನ ಹೆಂಡತಿಯ ಅಣ್ಣ ಇಲ್ಲೇ ತೀರಿಕೊಂಡಾಗ, ಕರೆಯದೆ ಬಂದು ಪೆಟ್ಟಿಗೆಗೆ ಕೈಹಚ್ಚಿದವರಲ್ಲಿ ಆ ರೂಮ್‌ಮೇಟ್ ಮತ್ತು ಅವನ ಇಬ್ಬರು ಬ್ರದರ್‌ಗಳಿದ್ದರು.

ಅಕ್ಕ, ನಿಮ್ಮ ಮಗನನ್ನು ಕೂರಿಸಿಕೊಂಡು ಯಾಕೆ ಆ ಸಂಘವೇ ಬೇಕು ಅಂತ ಒಮ್ಮೆ ಕೇಳಿ. ಅವನಿಗೆ ಇದರಲ್ಲಿ ಎಷ್ಟೋ ವಿಷಯ ಆಗಲೇ ಗೊತ್ತಿರಬಹುದು. ಪ್ರತಿ ವರ್ಷ ಮಾರ್ಚ್ ಶುರುವಿನಲ್ಲಿ ಸೆಲ್ಮಾದಲ್ಲಿ ಜನ ಸೇರಿ ಆ ಸೇತುವೆ ದಾಟುತ್ತಾರೆ. ಅಟ್ಲಾಂಟಾದಿಂದ ಮೂರೂವರೆ ಗಂಟೆ ದಾರಿ. ಅಲಬಾಮಾಗೆ ಹೋದರೆ ಒಂದು ಗಂಟೆ ಹಿಂದೆ, ಹಾಗಾಗಿ ಬೆಳಗ್ಗೆ ಆರಕ್ಕೆ ಹೊರಟರೂ ಆರಾಮಾಗಿ ತಲುಪಬಹುದು. ಈ ಸಲ ನಾವು ಎರಡು ಮನೆಯವರು ಹೋಗುತ್ತಿದ್ದೇವೆ. ನಮ್ಮ ಗಾಡಿಯಲ್ಲಿ ಇನ್ನೂ ಮೂರು ಸೀಟು ಖಾಲಿ ಇದೆ. ನೀವು, ಭಾವ, ಮಗ ಬನ್ನಿ. ಪುಳಿಯೋಗರೆ, ಮೊಸರನ್ನ ನಾವು ತರುತ್ತೇವೆ. ಅಲ್ಲಿ ಬಿಸಿಲು ಜೋರು, ಟೋಪಿ ಮರೆಯಬೇಡಿ.